ಕಟ್ಟಡಗಳ ಕಥೆ: ರಿಕ್‌ವುಡ್ ಮೈದಾನದ ಎರಡು ಬಾಗಿಲುಗಳು

ಈ ಅಂಕಣದಲ್ಲಿ ಗುಡಿ, ಕೋಟೆ, ಕೆರೆಯ ಏರಿ, ಹಳೆಯ ವಾಡೆ ಮುಂತಾದವುಗಳ ವಿಚಾರವನ್ನು ಓದಿ ರೂಢಿಯಾದ ವಾಚಕ ಬಂಧುಗಳಿಗೆ ಈ ಸಲದ ವಿಷಯ ತುಸು ಅಪರಿಚಿತವೆನಿಸಬಹುದು. ಇದೊಂದು ಆಟದ ಮೈದಾನದ ಕಥೆ. ಅದೂ ನಮ್ಮ ನಾಡಿನದಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಎಂಬ ನಗರದ್ದು. ಹತ್ತು ಸಾವಿರದಷ್ಟು ಜನ ಕುಳಿತು ನೋಡಬಹುದಾದ ಚಿಕ್ಕ ಮೈದಾನವದು. ಲಕ್ಷ ಜನರು ಕೂರುವ ಕ್ರೀಡಾಂಗಣಗಳ ಈ ಕಾಲದಲ್ಲಿ ಇಷ್ಟು ಸಣ್ಣದೊಂದನ್ನು ಕುರಿತು ಬರೆಯುವುದೇಕೆಂದು ಕೇಳಬಹುದು. ಒಂದು ಊರು ತನ್ನ ಮಕ್ಕಳನ್ನು ಹೇಗೆ ಎರಡಾಗಿ ಹಂಚಿ ಕೂರಿಸಿತು, ಮತ್ತೆ ಹೇಗೆ ಒಂದೇ ನೆರಳಿಗೆ ಕರೆದುಕೊಂಡಿತು ಎಂಬುದರ ಲೆಕ್ಕ ಆ ಕಟ್ಟಡದಲ್ಲಿದೆ. ಆದುದರಿಂದ ಅದನ್ನು ಮನೆಮಂದಿಯೆಲ್ಲ ಕುಳಿತು ಓದಬಹುದೆಂದು ನನ್ನ ಭಾವನೆ.

ಕಬ್ಬಿಣದ ಊರು

ಬರ್ಮಿಂಗ್‌ಹ್ಯಾಮ್ ಹಳೆಯ ಊರೇನಲ್ಲ. 1871ರಲ್ಲಿ ಎರಡು ರೈಲುದಾರಿಗಳು ಕೂಡುವ ಸ್ಥಳದಲ್ಲಿ ಹುಟ್ಟಿದ ನಗರವದು. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಈ ಮೂರೂ ಒಂದೇ ಕಣಿವೆಯ ಆಸುಪಾಸಿನಲ್ಲಿ ದೊರೆಯುತ್ತಿದ್ದುದರಿಂದ ಅಲ್ಲಿ ಕುಲುಮೆಗಳೆದ್ದವು. ಕುಲುಮೆಗಳ ಹಿಂದೆ ಕೂಲಿಕಾರರು ಬಂದರು. ಬಿಳಿಯರೂ ಬಂದರು, ಹತ್ತಿಯ ಹೊಲಗಳನ್ನು ಬಿಟ್ಟ ಕಪ್ಪು ವರ್ಣೀಯರೂ ಬಂದರು. ಬೆಂಕಿಯ ಮುಂದೆ ದುಡಿಯುವವರಿಗೆ ವಾರಕ್ಕೊಮ್ಮೆಯಾದರೂ ಮನಸ್ಸು ಹಗುರಾಗಬೇಕಲ್ಲವೆ? ಆ ಊರಿಗೆ ಅಂಥ ಬಿಡುವನ್ನು ಕೊಟ್ಟದ್ದು ಬೇಸ್‌ಬಾಲ್ ಆಟ.

ಬೇಸ್‌ಬಾಲ್ ನಮ್ಮವರು ಬಲ್ಲ ಕ್ರಿಕೆಟ್ಟಿನ ದಾಯಾದಿ ಎನ್ನಬಹುದು. ಒಬ್ಬನು ಚೆಂಡನ್ನು ಎಸೆಯುವನು, ಇನ್ನೊಬ್ಬನು ದಾಂಡಿನಿಂದ ಹೊಡೆಯುವನು. ಹೊಡೆದವನು ನಾಲ್ಕು ಮೂಲೆಗಳನ್ನು ಸುತ್ತಿ ಮೊದಲಿನ ಠಾವಿಗೆ ಮರಳಿದರೆ ಒಂದು ಓಟ. ಆದರೆ ಕ್ರಿಕೆಟ್ಟಿನಂತೆ ಆಟ ಮೈದಾನದ ನಡುವೆ ನಡೆಯುವುದಿಲ್ಲ. ಒಂದು ಮೂಲೆಯಿಂದ ಆರಂಭವಾಗಿ ಬಿಚ್ಚಿದ ಬೀಸಣಿಗೆಯಂತೆ ಮುಂದಕ್ಕೆ ಹರಡುತ್ತದೆ. ಆದ್ದರಿಂದಲೇ ಬೇಸ್‌ಬಾಲ್ ಮೈದಾನದಲ್ಲಿ ಒಳ್ಳೆಯ ಆಸನಗಳೆಲ್ಲ ಆ ಬೀಸಣಿಗೆಯ ಹಿಡಿಯ ಸುತ್ತ ಇರುತ್ತವೆ. ಅಗ್ಗದವು ದೂರದ ಅಂಚಿನಲ್ಲಿರುತ್ತವೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಕಥೆಗೆ ಇದೇ ಆಧಾರ.

ಆ ನಗರದ ವೃತ್ತಿಪರ ತಂಡಕ್ಕೆ ಕಲ್ಲಿದ್ದಲ ಧಣಿಗಳೆಂಬ ಅರ್ಥದಲ್ಲಿ 'ಕೋಲ್ ಬ್ಯಾರನ್ಸ್' ಎಂದು ಹೆಸರು. ಮುಂದೆ ಬರಿದೆ 'ಬ್ಯಾರನ್ಸ್' ಎಂದಾಯಿತು. ಅವರು ಮೊದಲು ಆಡುತ್ತಿದ್ದ ಮೈದಾನ ಮರದ ಅಟ್ಟಣೆಗಳದು. ಪಕ್ಕದಲ್ಲಿ ಕುಲುಮೆಯಿಂದ ಹೊರಚೆಲ್ಲಿದ ಕಿಟ್ಟದ ಗುಡ್ಡೆಯಿತ್ತು. ಟಿಕೆಟ್ಟಿಗೆ ಕಾಸಿಲ್ಲದವರು ಆ ಗುಡ್ಡೆಯನ್ನೇರಿ ಪುಕ್ಕಟೆ ಆಟ ನೋಡುತ್ತಿದ್ದರು. ಆ ಮೈದಾನಕ್ಕೆ ಜನರು ಕಿಟ್ಟದ ಗುಡ್ಡೆಯ ಹೆಸರನ್ನೇ ಇಟ್ಟಿದ್ದರು.

ಕಟ್ಟಿದವನು, ಕಟ್ಟಿದ ಬಗೆ

ಕಬ್ಬಿಣದ ಕಾರ್ಖಾನೆಯೊಂದರ ಮನೆತನಕ್ಕೆ ಸೇರಿದ ರಿಕ್ ವುಡ್‌ವರ್ಡ್ ಎಂಬ ತರುಣನಿಗೆ ಈ ಆಟದ ಹುಚ್ಚು ಬಹಳ. ಅವನು ತಂಡವನ್ನೇ ಕೊಂಡುಕೊಂಡನು; ಕೊಂಡಮೇಲೆ ಅದಕ್ಕೊಂದು ಯೋಗ್ಯವಾದ ಮೈದಾನ ಬೇಕೆಂದು ಪಟ್ಟು ಹಿಡಿದನು. ಅಂದಿನ ಮೈದಾನಗಳಲ್ಲಿ ಹೆಚ್ಚಿನವು ಮರದವು. ಒಣಗಿದ ಹಲಗೆ, ಕೆಳಗೆ ಕಸ, ಮೇಲೆ ಸಾವಿರಾರು ಜನರ ಚುಟ್ಟಾ. ಬೆಂಕಿ ಬೀಳುವುದಕ್ಕೆ ಇನ್ನೇನು ಬೇಕು? ಅಮೆರಿಕದಲ್ಲಿ ಹೀಗೆ ಸುಟ್ಟುಹೋದ ಮೈದಾನಗಳು ಒಂದೆರಡಲ್ಲ. 1909ರಲ್ಲಿ ಫಿಲಡೆಲ್ಫಿಯಾ ಮತ್ತು ಪಿಟ್ಸ್‌ಬರ್ಗ್ ನಗರಗಳಲ್ಲಿ ಉಕ್ಕು ಮತ್ತು ಕಾಂಕ್ರೀಟಿನ ಹೊಸ ಮಾದರಿಯ ಮೈದಾನಗಳು ತಲೆಯೆತ್ತಿದವು. ವುಡ್‌ವರ್ಡನು ಇವುಗಳಲ್ಲಿ ಪಿಟ್ಸ್‌ಬರ್ಗಿನ ಫೋರ್ಬ್ಸ್ ಮೈದಾನವನ್ನು ಮಾದರಿಯಾಗಿ ಹಿಡಿದನು. ಆಟದ ಅಂಗಳದ ಅಳತೆಗಳನ್ನು ನಿರ್ಧರಿಸುವಲ್ಲಿ ಫಿಲಡೆಲ್ಫಿಯಾ ತಂಡದ ಪ್ರಸಿದ್ಧ ನಾಯಕ ಕಾನಿ ಮ್ಯಾಕ್ ಅವರ ಸಲಹೆಯನ್ನು ಪಡೆದನು. ಹೆಸರಿಡುವ ಸ್ಪರ್ಧೆ ಏರ್ಪಟ್ಟಾಗ ಒಡೆಯನ ಹೆಸರಿನ ಎರಡು ತುಂಡುಗಳನ್ನೇ ಜೋಡಿಸಿ 'ರಿಕ್‌ವುಡ್' ಎಂದಾಯಿತು.

1910ರ ಆಗಸ್ಟ್ 18ರಂದು ಮಧ್ಯಾಹ್ನ ಮೈದಾನ ತೆರೆಯಿತು. ಆ ದಿನ ಊರಿನ ಅಂಗಡಿ ಮುಂಗಟ್ಟುಗಳು ಮುಚ್ಚಿದವು. ಹತ್ತು ಸಾವಿರಕ್ಕೂ ಹೆಚ್ಚು ಜನ ನೆರೆದರು. ವುಡ್‌ವರ್ಡನು ತಾನೇ ತಂಡದ ಉಡುಪು ಧರಿಸಿ ಪಂದ್ಯದ ಮೊದಲ ಚೆಂಡನ್ನು ಎಸೆದನು. ನೆರೆಯ ಮಾಂಟ್‌ಗೊಮರಿ ನಗರದ ತಂಡದ ಮೇಲೆ ಬ್ಯಾರನ್ಸ್ 3-2ರಿಂದ ಗೆದ್ದರು. ಈ ಮಾಂಟ್‌ಗೊಮರಿಯ ಹೆಸರು ಕಥೆಯ ಕೊನೆಯಲ್ಲಿ ಮತ್ತೊಮ್ಮೆ ಬರಲಿದೆ.

ಕಟ್ಟಡದ ರಚನೆ ಸರಳವಾದುದು. ಬೀಸಣಿಗೆಯ ಹಿಡಿಯ ಸುತ್ತ ಕಾಂಕ್ರೀಟಿನ ಮೆಟ್ಟಿಲುಗಳ ಸಾಲು. ಅದರ ಮೇಲೆ ಉಕ್ಕಿನ ಕಂಬಗಳ ಆಧಾರದ ಚಾವಣಿ. ಕಂಬಗಳು ಪ್ರೇಕ್ಷಕರ ನಡುವೆಯೇ ನಿಂತಿರುವುದರಿಂದ ಕೆಲವರ ನೋಟಕ್ಕೆ ಅಡ್ಡಿಯಾಗುವುದುಂಟು. ಆದರೆ ಆ ಕಂಬಗಳಿಂದಲೇ ಚಾವಣಿ ಅಂಗಳಕ್ಕೆ ತೀರ ಸಮೀಪದವರೆಗೆ ಬರಲು ಸಾಧ್ಯವಾಗಿದೆ; ಆಟಗಾರರ ಮಾತು ಕೂಡ ಕೇಳುವಷ್ಟು ಹತ್ತಿರ ಕುಳಿತು ನೋಡಬಹುದು. ಇಂದಿನ ದೊಡ್ಡ ಕ್ರೀಡಾಂಗಣಗಳಲ್ಲಿ ಕಂಬಗಳಿಲ್ಲ, ನಿಜ. ಆ ಸಾಮೀಪ್ಯವೂ ಇಲ್ಲ.

1928ರಲ್ಲಿ ಸ್ಪ್ಯಾನಿಷ್ ಮಿಷನ್ ಶೈಲಿಯ ಪ್ರವೇಶದ್ವಾರವನ್ನು ಕಟ್ಟಲಾಯಿತು. ಗಾರೆಯ ನಯವಾದ ಗೋಡೆ, ಮೇಲೆ ಹಂಚಿನ ಅಂಚು. ಹೊರಗಿನಿಂದ ನೋಡಿದವರಿಗೆ ಆಟದ ಮೈದಾನವೋ ಹಳೆಯ ರೈಲು ನಿಲ್ದಾಣವೋ ಎಂಬ ಭ್ರಮೆ ಹುಟ್ಟುತ್ತದೆ. ಅದೇ ಕಾಲದಲ್ಲಿ ದೂರದ ಅಂಚಿನಲ್ಲಿ ಕಾಂಕ್ರೀಟಿನ ಗೋಡೆ ಎದ್ದಿತು. ಮುಂದೆ ಅಂಗಳವನ್ನು ಚಿಕ್ಕದಾಗಿಸಿ ಒಳಗೊಂದು ಬೇಲಿ ಹಾಕಿದರೂ ಹಳೆಯ ಗೋಡೆಯನ್ನು ಕೆಡವಲಿಲ್ಲ. 1948ರಲ್ಲಿ ವಾಲ್ಟ್ ಡ್ರೋಪೊ ಎಂಬಾತ ಹೊಡೆದ ಚೆಂಡು ಆ ಗೋಡೆಗೆ ತಗುಲಿದ ಸ್ಥಳದಲ್ಲಿ ಗುರುತು ಬರೆದಿದ್ದಾರೆ. 1936ರಲ್ಲಿ ರಾತ್ರಿ ಆಟಕ್ಕಾಗಿ ದೀಪದ ಗೋಪುರಗಳು ಬಂದವು. ಚಾವಣಿಗಿಂತ ಮೇಲೆದ್ದು ಅಂಗಳದ ಕಡೆಗೆ ಚಾಚಿಕೊಂಡಿರುವ ಆ ಉಕ್ಕಿನ ಚೌಕಟ್ಟುಗಳು ಇಂದಿಗೂ ಆ ಮೈದಾನದ ಗುರುತಾಗಿವೆ. ಹಗಲೆಲ್ಲ ಗಣಿಯಲ್ಲೂ ಕುಲುಮೆಯಲ್ಲೂ ದುಡಿಯುವ ಜನರಿಗೆ ಆ ದೀಪಗಳಿಂದಲೇ ವಾರದ ದಿನಗಳಲ್ಲಿ ಆಟ ನೋಡುವ ಭಾಗ್ಯ ದೊರೆಯಿತು.

1931ರಲ್ಲಿ ಟೆಕ್ಸಾಸ್ ಪ್ರಾಂತದ ಹ್ಯೂಸ್ಟನ್ ತಂಡ ಇಲ್ಲಿಗೆ ಬಂದಾಗ ಇಪ್ಪತ್ತು ಸಾವಿರಕ್ಕೂ ಮೀರಿ ಜನ ಕಿಕ್ಕಿರಿದಿದ್ದರು. ಆ ದಿನ 43 ವರ್ಷದ ರೇ ಕಾಲ್ಡ್‌ವೆಲ್ ಎಂಬ ಹಳೆಯ ಎಸೆತಗಾರನು, ಹ್ಯೂಸ್ಟನ್ನಿನ ಗರ್ವಿಷ್ಠ ತರುಣ ಡಿಜ್ಜಿ ಡೀನನ ಎದುರಿಗೆ ನಿಂತು ತನ್ನ ತಂಡಕ್ಕೆ 1-0ರ ಗೆಲುವನ್ನು ತಂದುಕೊಟ್ಟನು. ಊರಿನ ಹಿರಿಯರು ಈ ಪಂದ್ಯವನ್ನು ಬಹುಕಾಲ ಮಕ್ಕಳಿಗೆ ಹೇಳಿದರು.

ಯಾರು ಎಲ್ಲಿ ಕೂರಬೇಕು

ಇಷ್ಟನ್ನೇ ಬರೆದು ನಿಲ್ಲಿಸಿದ್ದರೆ ಇದೊಂದು ಸೊಗಸಾದ ಕಟ್ಟಡದ ವರ್ಣನೆಯಾಗುತ್ತಿತ್ತು. ಆದರೆ ಅದು ಅರ್ಧ ಸತ್ಯವಾಗುತ್ತಿತ್ತು.

ಅಲಬಾಮಾದಲ್ಲಿ ಆ ಕಾಲಕ್ಕೆ ಬಿಳಿಯರಿಗೂ ಕಪ್ಪು ವರ್ಣೀಯರಿಗೂ ಎಲ್ಲದರಲ್ಲೂ ಬೇರೆ ಏರ್ಪಾಡು. ಶಾಲೆ ಬೇರೆ, ನೀರಿನ ನಲ್ಲಿ ಬೇರೆ, ಬಸ್ಸಿನಲ್ಲಿ ಆಸನ ಬೇರೆ. ರಿಕ್‌ವುಡ್‌ನಲ್ಲಿಯೂ ಹಾಗೆಯೇ. ನೆರಳಿನ ಚಾವಣಿ ಬಿಳಿಯರಿಗೆ. ಕಪ್ಪು ಜನರಿಗೆ ಬಲಬದಿಯ ದೂರದ ಅಂಚಿನಲ್ಲಿ, ಬಿಸಿಲಿಗೆ ಮೈಯೊಡ್ಡಿದ ಮೆಟ್ಟಿಲು, ಪ್ರವೇಶವೂ ಪ್ರತ್ಯೇಕ. ಚಾವಣಿಯ ಉಕ್ಕನ್ನು ಕರಗಿಸಿದ ಕೈಗಳಲ್ಲಿ ಅವರ ಕೈಗಳೂ ಇದ್ದವು. ಅದರ ನೆರಳು ಮಾತ್ರ ಅವರದಾಗಿರಲಿಲ್ಲ.

ಬಿಳಿಯರ ತಂಡದಲ್ಲಿ ಕಪ್ಪು ಆಟಗಾರರಿಗೆ ಸ್ಥಳವಿರಲಿಲ್ಲ. ಆದುದರಿಂದ ಅವರು ತಮ್ಮದೇ ತಂಡ ಕಟ್ಟಿಕೊಂಡರು. ಕಾರ್ಖಾನೆಗಳ ಕೂಲಿಕಾರರ ತಂಡಗಳಲ್ಲಿ ಪಳಗಿದವರಿಂದ 1920ರ ಸುಮಾರಿಗೆ 'ಬ್ಲ್ಯಾಕ್ ಬ್ಯಾರನ್ಸ್' ಎಂಬ ತಂಡ ರೂಪುಗೊಂಡಿತು. ಬಿಳಿಯರ ತಂಡ ಪರಊರಿಗೆ ಹೋದಾಗ ಇವರು ಬಾಡಿಗೆ ತೆತ್ತು ಅದೇ ರಿಕ್‌ವುಡ್‌ನಲ್ಲಿ ಆಡುತ್ತಿದ್ದರು. ಆ ದಿನಗಳಲ್ಲಿ ಚಾವಣಿಯ ನೆರಳು ಕಪ್ಪು ಜನರದಾಗುತ್ತಿತ್ತು. ಆಟ ನೋಡಬಂದ ಬಿಳಿಯರು ತಮಗೆಂದು ಗೊತ್ತುಮಾಡಿದ ಜಾಗದಲ್ಲಿ ಬೇರೆಯಾಗಿ ಕೂರುತ್ತಿದ್ದರು. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಸಿದ ಕುಟುಂಬಗಳು ಹಬ್ಬದ ಉಡುಗೆಯಲ್ಲಿಯೇ ನೇರವಾಗಿ ಮೈದಾನಕ್ಕೆ ಬರುತ್ತಿದ್ದವು. ಒಂದೇ ಆಸನ, ಒಂದೇ ಚಾವಣಿ. ಆದರೆ ಒಂದೇ ದಿನ ಒಟ್ಟಿಗೆ ಕೂರುವುದಕ್ಕೆ ಮಾತ್ರ ಕಟ್ಟಳೆ ಅಡ್ಡ. 1927ರಿಂದ 1930ರವರೆಗೆ ಸ್ಯಾಚಲ್ ಪೇಜ್ ಎಂಬ ಅಸಾಧಾರಣ ಎಸೆತಗಾರ ಈ ತಂಡದಲ್ಲಿದ್ದನು. ಅವನು ಬಿಳಿಯರ ದೊಡ್ಡ ಲೀಗಿಗೆ ಕಾಲಿಡುವ ವೇಳೆಗೆ 1948ನೆಯ ಇಸವಿ ಬಂದಿತ್ತು. ಅವನಿಗೆ ನಲವತ್ತು ದಾಟಿತ್ತು.

ಅದೇ 1948ರಲ್ಲಿ ಬ್ಲ್ಯಾಕ್ ಬ್ಯಾರನ್ಸ್ ತಂಡಕ್ಕೆ 17 ವರ್ಷದ ಹುಡುಗನೊಬ್ಬ ಸೇರಿದನು. ಹೆಸರು ವಿಲ್ಲೀ ಮೇಸ್. ತಂದೆ ಉಕ್ಕಿನ ಕಾರ್ಖಾನೆಯ ಕೆಲಸಗಾರ, ಕಾರ್ಖಾನೆಯ ತಂಡದ ಆಟಗಾರ. ಹುಡುಗ ಇನ್ನೂ ಶಾಲೆಯಲ್ಲಿ ಓದುತ್ತಿದ್ದನು. ಆಟದಿಂದ ಓದು ಕೆಡಬಾರದೆಂದು ಹಿರಿಯರು ಕಟ್ಟು ಹಾಕಿದ್ದರಿಂದ, ಶಾಲೆ ನಡೆಯುವ ತಿಂಗಳುಗಳಲ್ಲಿ ಅವನು ಊರಿನ ಪಂದ್ಯಗಳನ್ನು ಮಾತ್ರ ಆಡುತ್ತಿದ್ದನು. ತಂಡದ ನಾಯಕ ಪೈಪರ್ ಡೇವಿಸ್ ಅವನನ್ನು ಮಗನಂತೆ ತಿದ್ದಿದನು. ಆ ವರ್ಷದ ನೀಗ್ರೋ ವಿಶ್ವ ಸರಣಿಯಲ್ಲಿ ಬ್ಲ್ಯಾಕ್ ಬ್ಯಾರನ್ಸ್ ಸೋತರು. ಆದರೆ ಅವರು ಗೆದ್ದ ಒಂದೇ ಪಂದ್ಯ ರಿಕ್‌ವುಡ್‌ನಲ್ಲಿ ನಡೆಯಿತು. ಕೊನೆಯ ಸರದಿಯಲ್ಲಿ ಗೆಲುವಿನ ಹೊಡೆತ ಹೊಡೆದವನು ಆ ಶಾಲಾ ಹುಡುಗನೇ. ಅದೇ ಕೊನೆಯ ನೀಗ್ರೋ ವಿಶ್ವ ಸರಣಿಯೂ ಆಯಿತು. 1951ರಲ್ಲಿ ನ್ಯೂಯಾರ್ಕಿನ ಜೈಂಟ್ಸ್ ತಂಡದಲ್ಲಿ ದೊಡ್ಡ ಲೀಗಿಗೆ ಕಾಲಿಟ್ಟ ಮೇಸ್, 660 ಹೋಮ್‌ರನ್‌ಗಳನ್ನು ಹೊಡೆದು ಆ ಆಟದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬನೆನಿಸಿದನು.

ಕಟ್ಟಳೆಯ ಹಟ

1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಸೇರಿದಾಗ ದೊಡ್ಡ ಲೀಗಿನಲ್ಲಿದ್ದ ಬಣ್ಣದ ಗೋಡೆ ಬಿರುಕುಬಿಟ್ಟಿತು. ಬರ್ಮಿಂಗ್‌ಹ್ಯಾಮ್ ಮಾತ್ರ ತನ್ನ ಗೋಡೆಯನ್ನು ಇನ್ನಷ್ಟು ಎತ್ತರಿಸಿತು. ಕಪ್ಪು ಬಿಳಿ ಜನರು ಕೂಡಿ ಇಸ್ಪೀಟು, ಪಗಡೆಯಂಥ ಆಟಗಳನ್ನೂ ಆಡಕೂಡದೆಂಬ ನಿಯಮ ಮೊದಲೇ ಇತ್ತು. 1950ರಲ್ಲಿ ಬೇಸ್‌ಬಾಲನ್ನೂ ಅದರೊಳಗೆ ಸೇರಿಸಲಾಯಿತು. 1954ರಲ್ಲಿ ನಗರಾಡಳಿತ ಅದನ್ನು ಸಡಿಲಿಸಿದರೆ, ಅದೇ ವರ್ಷ ಮತದಾರರು ಜನಮತದ ಮೂಲಕ ಅದನ್ನು ಮರಳಿ ತಂದರು. ತಪ್ಪು ಆಳುವವರದು ಮಾತ್ರವೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಇಲ್ಲಿ ಮತದ ಪೆಟ್ಟಿಗೆಯೇ ಬೇರೆ ಮಾತು ಹೇಳಿತು.

ಈ ಕಟ್ಟಳೆಗಳ ಬಲವಾದ ಕಾವಲುಗಾರನಾಗಿದ್ದ ನಗರದ ಸಾರ್ವಜನಿಕ ಸುರಕ್ಷತೆಯ ಆಯುಕ್ತ ಬುಲ್ ಕಾನರ್, ಅಧಿಕಾರಕ್ಕೆ ಬರುವ ಮೊದಲು ಬ್ಯಾರನ್ಸ್ ಪಂದ್ಯಗಳ ರೇಡಿಯೋ ವಿವರಣೆಕಾರನಾಗಿದ್ದನು. ಮನೆಮನೆಗೆ ಆಟದ ಸಂತೋಷವನ್ನು ತಲುಪಿಸಿದ ಧ್ವನಿಯೇ 1963ರಲ್ಲಿ ಶಾಲಾ ಮಕ್ಕಳ ಮೆರವಣಿಗೆಯ ಮೇಲೆ ಪೊಲೀಸ್ ನಾಯಿಗಳನ್ನೂ ಅಗ್ನಿಶಾಮಕದ ನೀರಿನ ಕೊಳವೆಗಳನ್ನೂ ಬಿಡಲು ಆಜ್ಞಾಪಿಸಿತು. ಅದೇ ವರ್ಷದ ಸೆಪ್ಟೆಂಬರ್ 15ರ ಭಾನುವಾರ, ಆ ಊರಿನ 16ನೆಯ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಿಡಿದ ಬಾಂಬಿಗೆ ನಾಲ್ವರು ಬಾಲಕಿಯರು ಬಲಿಯಾದರು.

ಹಟದ ಬೆಲೆಯನ್ನು ಮೈದಾನವೂ ತೆತ್ತಿತು. ಕಪ್ಪು ಆಟಗಾರರಿಗೆ ಬಾಗಿಲು ತೆರೆಯಲೊಪ್ಪದ ದಕ್ಷಿಣದ ಹಳೆಯ ಲೀಗು 1961ರ ಋತುವಿನ ತರುವಾಯ ಮುಚ್ಚಿಹೋಯಿತು. 1962 ಮತ್ತು 1963ರಲ್ಲಿ ರಿಕ್‌ವುಡ್‌ನಲ್ಲಿ ಬ್ಯಾರನ್ಸ್ ಆಟವೇ ಇಲ್ಲ. ಒಟ್ಟಿಗೆ ಆಡುವುದಕ್ಕಿಂತ ಆಟವನ್ನೇ ಬಿಡುವುದು ಲೇಸೆಂದು ಊರು ತೀರ್ಮಾನಿಸಿದಂತಾಯಿತು. ಹೊಟ್ಟೆಕಿಚ್ಚಿಗೆ ತನ್ನ ಮನೆಯ ದೀಪವನ್ನೇ ಆರಿಸಿಕೊಂಡವರ ಕಥೆ ನಮ್ಮಲ್ಲಿಯೂ ಉಂಟಲ್ಲವೆ?

1964ರ ವಸಂತದಲ್ಲಿ ಆಟ ಮರಳಿತು. ಆ ಊರಿನ ಆಸುಪಾಸಿನಲ್ಲಿಯೇ ಹುಟ್ಟಿದ, ಕಾನ್ಸಾಸ್ ಸಿಟಿ ತಂಡದ ಒಡೆಯ ಚಾರ್ಲೀ ಫಿನ್ಲೀ ಎಂಬಾತ ಹೊಸ ಬ್ಯಾರನ್ಸ್ ತಂಡವನ್ನು ತಂದನು. ಅದರಲ್ಲಿ ಕಪ್ಪು ಬಿಳಿ ಆಟಗಾರರು ಕೂಡಿಯೇ ಇದ್ದರು. ಆ ನಾಲ್ವರು ಬಾಲಕಿಯರು ತೀರಿಕೊಂಡು ಇನ್ನೂ ಏಳು ತಿಂಗಳು. ಏನಾಗುವುದೋ ಎಂಬ ಅಂಜಿಕೆ ಎಲ್ಲರಿಗೂ ಇತ್ತು. ಆದರೂ ಜನ ಬಂದರು, ಒಂದೇ ಬಾಗಿಲಿನಿಂದ ಬಂದರು, ಒಂದೇ ಚಾವಣಿಯ ಕೆಳಗೆ ಕುಳಿತರು.

ಒಮ್ಮೆಗೇ ಎಲ್ಲವೂ ಸರಿಹೋಯಿತೆಂದು ಭಾವಿಸಬಾರದು. 1967ರಲ್ಲಿ ಇಲ್ಲಿ ಆಡಿದ ರೆಜೀ ಜಾಕ್ಸನ್ ಮುಂದೆ ಮಹಾನ್ ಆಟಗಾರನಾದನು. ಆ ವರ್ಷ ತನಗೆ ಉಪಾಹಾರ ಗೃಹಗಳಲ್ಲಿ ಊಟ, ವಸತಿಗೃಹಗಳಲ್ಲಿ ಕೋಣೆ ನಿರಾಕರಿಸಲ್ಪಟ್ಟದ್ದನ್ನು ಅವರು 57 ವರ್ಷಗಳ ಬಳಿಕವೂ ನೋವಿನಿಂದ ಹೇಳಿಕೊಂಡರು. ಆದರೆ ತನಗೆ ಊಟವಿಲ್ಲದಲ್ಲಿ ತಾವೂ ಉಣ್ಣದೆ ಎದ್ದುಬಂದ ಬಿಳಿಯ ಸಂಗಡಿಗರನ್ನೂ, ತಮ್ಮ ಮನೆಯಲ್ಲಿ ಮಲಗಲು ಜಾಗ ಕೊಟ್ಟವರನ್ನೂ ಅದೇ ಉಸಿರಿನಲ್ಲಿ ನೆನೆದರು. ಪಂಕ್ತಿಯಿಂದ ಎದ್ದುಬರುವುದು ಸಣ್ಣ ಕೆಲಸವೆಂದು ತೋರಬಹುದು. ಎಬ್ಬಿಸಲ್ಪಟ್ಟವನಿಗೆ ಅದು ಜೀವಮಾನದ ನೆನಪು.

ಕೆಡವದೆ ಉಳಿಸಿದವರು

1987ರ ಋತುವಿನ ಬಳಿಕ ಬ್ಯಾರನ್ಸ್ ಉಪನಗರದ ಹೊಸ ಮೈದಾನಕ್ಕೆ ಹೋದರು. ರಿಕ್‌ವುಡ್ ಅನಾಥವಾಯಿತು. ತುಕ್ಕು ಹಿಡಿದ ಉಕ್ಕು, ಬಣ್ಣ ಮಾಸಿದ ಹಲಗೆ. ಕೆಡವಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕೆಡವಿದ್ದರೆ ಅವಮಾನದ ಗುರುತೂ ಅಳಿಯುತ್ತಿತ್ತು ಎನ್ನುವವರೂ ಇರಬಹುದು. ಆದರೆ 1992ರಲ್ಲಿ ಊರಿನ ಕೆಲವರು 'ಫ್ರೆಂಡ್ಸ್ ಆಫ್ ರಿಕ್‌ವುಡ್' ಎಂಬ ಸಂಘವನ್ನು ಕಟ್ಟಿಕೊಂಡು ಜೀರ್ಣೋದ್ಧಾರಕ್ಕೆ ಕೈಹಾಕಿದರು. 1993ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಚಾವಣಿಯನ್ನು ದುರಸ್ತಿಗೊಳಿಸಿದರು, ಹಳೆಯ ಕಾಲದ ಅಂಕಫಲಕವನ್ನು ಮತ್ತೆ ನಿಲ್ಲಿಸಿದರು. 1996ರಿಂದ ಬ್ಯಾರನ್ಸ್ ತಂಡ ವರ್ಷಕ್ಕೊಂದು ಪಂದ್ಯವನ್ನು ಹಳೆಯ ಮಾದರಿಯ ಉಡುಪಿನಲ್ಲಿ ಅಲ್ಲಿ ಆಡುವ ಪದ್ಧತಿ ಬೆಳೆಯಿತು. ಹೀಗೆ, ಅಮೆರಿಕದಲ್ಲಿ ನಿಂತಿರುವ ವೃತ್ತಿಪರ ಬೇಸ್‌ಬಾಲ್ ಮೈದಾನಗಳಲ್ಲಿ ಅತ್ಯಂತ ಹಳೆಯದೆಂಬ ಕೀರ್ತಿ ಈ ಚಿಕ್ಕ ಮೈದಾನದ್ದಾಯಿತು. ಸದ್ದಿಲ್ಲದೆ ಮಾಡಿದ ಆ ಕೆಲಸವನ್ನು ನಮ್ಮ ಮಾತಿನಲ್ಲಿ ಕಾಯಕವೆಂದೇ ಕರೆಯಬೇಕು.

2024ರ ಮೇ ತಿಂಗಳಲ್ಲಿ ನೀಗ್ರೋ ಲೀಗುಗಳ ಆಟಗಾರರ ಅಂಕಿಗಳನ್ನು ದೊಡ್ಡ ಲೀಗಿನ ದಾಖಲೆಯಲ್ಲಿ ಸೇರಿಸಿಕೊಳ್ಳಲಾಯಿತು. 1948ರಲ್ಲಿ ಆ ಶಾಲಾ ಹುಡುಗ ಹೊಡೆದ 10 ಹೊಡೆತಗಳೂ ಮೇಸ್ ಅವರ ಲೆಕ್ಕಕ್ಕೆ ಬಂದವು. ಅದರ ಮರುತಿಂಗಳೇ ದೊಡ್ಡ ಲೀಗಿನ ಪಂದ್ಯವೊಂದನ್ನು ರಿಕ್‌ವುಡ್‌ನಲ್ಲಿ ಆಡಿಸಲು ಏರ್ಪಾಡಾಯಿತು. ಅದಕ್ಕೆ ಎರಡು ದಿನ ಮೊದಲು, ಜೂನ್ 18ರಂದು, ಅದೇ ಅಂಗಳದಲ್ಲಿ ಬ್ಯಾರನ್ಸ್ ತಂಡಕ್ಕೂ ಮಾಂಟ್‌ಗೊಮರಿಯ ತಂಡಕ್ಕೂ ಪಂದ್ಯ ನಡೆಯುತ್ತಿತ್ತು. 1910ರ ಮೊದಲ ದಿನದ ಅದೇ ಎರಡು ಊರುಗಳು! ಆಟದ ನಡುವೆ ಸುದ್ದಿ ಬಂದಿತು: ವಿಲ್ಲೀ ಮೇಸ್ ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕುಳಿತವರೆಲ್ಲ ಎದ್ದುನಿಂತರು. ಒಂದು ಕಾಲಕ್ಕೆ ಬಣ್ಣ ನೋಡಿ ಜನರನ್ನು ಬೇರ್ಪಡಿಸಿದ ಅದೇ ಮೆಟ್ಟಿಲುಗಳ ಮೇಲೆ ಎಲ್ಲ ಬಣ್ಣದವರೂ ನಿಂತು ಆ ಉಕ್ಕಿನ ಕೆಲಸಗಾರನ ಮಗನಿಗೆ ಗೌರವ ಸಲ್ಲಿಸಿದರು.

ಜೂನ್ 20ರಂದು ದೊಡ್ಡ ಪಂದ್ಯ ನಡೆಯಿತು. 1948ರ ತಂಡದಲ್ಲಿ ಮೇಸ್ ಅವರ ಜೊತೆಗಾರರಾಗಿದ್ದ, ಮುಂದೆ ಧರ್ಮಬೋಧಕರಾದ 99 ವರ್ಷದ ಬಿಲ್ ಗ್ರೀಸನ್ ವಿಧ್ಯುಕ್ತವಾಗಿ ಮೊದಲ ಚೆಂಡನ್ನು ಎಸೆದರು. ಅಂದಿನ ತೀರ್ಪುಗಾರರೆಲ್ಲರೂ ಕಪ್ಪು ವರ್ಣೀಯರು. ದೊಡ್ಡ ಲೀಗಿನ ಇತಿಹಾಸದಲ್ಲಿ ಅದು ಮೊದಲ ಸಲ. ಸೇಂಟ್ ಲೂಯಿಸ್ ತಂಡ 6-5ರಿಂದ ಗೆದ್ದಿತು. ಸೋತದ್ದು ಮೇಸ್ ಅವರು ಆಡಿದ ಜೈಂಟ್ಸ್. ಆದರೆ ಆ ದಿನ ಸೋಲು ಗೆಲುವನ್ನು ಮನೆಗೆ ಒಯ್ದವರು ಕಡಿಮೆ.

ನಮ್ಮ ಅಂಗಳದ ಮಾತು

ದೂರದ ಊರಿನ ತಪ್ಪನ್ನು ಓದಿ ಮರುಗುವುದು ಸುಲಭ. ಕಟ್ಟಡ ಮಾತ್ರ ಎಲ್ಲ ಊರಿನಲ್ಲಿಯೂ ಒಂದೇ ಪ್ರಶ್ನೆಯನ್ನು ಕೇಳುತ್ತದೆ: ನನ್ನ ನೆರಳಿನಲ್ಲಿ ಯಾರಿದ್ದರು, ಬಿಸಿಲಿನಲ್ಲಿ ಯಾರಿದ್ದರು? ನಮ್ಮ ಊರಿನ ಬಾವಿಯ ಕಟ್ಟೆ, ಜಾತ್ರೆಯ ಬಯಲು, ಕುಸ್ತಿಯ ಅಖಾಡ, ಚಹದಂಗಡಿಯ ಬೇರೆಯಿಟ್ಟ ಬಟ್ಟಲು, ಇವುಗಳನ್ನು ಕುರಿತು ನಮ್ಮ ಮಕ್ಕಳು ಇದೇ ಪ್ರಶ್ನೆ ಕೇಳಿದರೆ ಉತ್ತರಿಸಲು ನಮ್ಮಲ್ಲಿ ಎಷ್ಟು ಜನ ಸಿದ್ಧರಿದ್ದೇವೆ?

ಬರ್ಮಿಂಗ್‌ಹ್ಯಾಮಿನ ಜನ ತಮ್ಮ ಮೈದಾನವನ್ನು ಕೆಡವಿ ಮರೆಯಬಹುದಾಗಿತ್ತು. ಬಿಳಿಬಣ್ಣ ಬಳಿದು ಬರಿಯ ವೈಭವವನ್ನು ಹೇಳಬಹುದಾಗಿತ್ತು. ಅವರು ಎರಡನ್ನೂ ಮಾಡಲಿಲ್ಲ. ಕಂಬವನ್ನು ಉಳಿಸಿದರು, ಕಂಬದ ಕಥೆಯನ್ನೂ ಉಳಿಸಿದರು.

ಈ ತಿಂಗಳು ಬಿಡುವಾದಾಗ ಮನೆಯ ಹಿರಿಯರನ್ನು ಮಕ್ಕಳೊಡನೆ ಊರಿನ ಹಳೆಯ ಮೈದಾನಕ್ಕೋ ಅಖಾಡಕ್ಕೋ ಕರೆದುಕೊಂಡು ಹೋಗಿರಿ. ಅಲ್ಲಿ ಯಾರು ಗೆದ್ದರೆಂದು ಮಕ್ಕಳು ತಾವಾಗಿಯೇ ಕೇಳುತ್ತಾರೆ. ಯಾರು ಎಲ್ಲಿ ನಿಂತು ನೋಡುತ್ತಿದ್ದರೆಂಬುದನ್ನು ಹಿರಿಯರು ಕೇಳದೆಯೇ ಹೇಳಲಿ.